ಸೌರ ಲಾಟೀನು

ಹಗಲಿನ ಬಿಸಿಲಿನಿಂದ ವಿದ್ಯುತ್ತು ಪಡೆದು, ಅದನ್ನು ಪುಟ್ಟ ಬ್ಯಾಟರಿಯಲ್ಲಿ ಕೂಡಿಟ್ಟುಕೊಂಡು, ಕತ್ತಲಾದ ಮೇಲೆ ಬೆಳಕು ಕೊಡುವ, ಕೈಯಲ್ಲಿ ಹಿಡಿದು ಒಯ್ಯಬಹುದಾದ ದೀಪವೇ ಸೌರ ಲಾಟೀನು. ಅಂಗೈಯಗಲದ ಸೌರ ಫಲಕ, ಬ್ಯಾಟರಿ, ಎಲ್‌ಇಡಿ, ಇವುಗಳನ್ನು ಅಂಕೆಯಲ್ಲಿಡುವ ಒಂದು ಸಣ್ಣ ಸರ್ಕ್ಯೂಟ್, ಇಷ್ಟೇ ಇದರ ಭಾಗಗಳು. ಚಾವಣಿಯ ಮೇಲೆ ದೊಡ್ಡ ಫಲಕ ಕೂರಿಸಿ, ಗೋಡೆಗೆ ವೈರು ಎಳೆದು, ಎರಡು ಮೂರು ಬಲ್ಬು ಉರಿಸುವ ಸೌರ ಮನೆದೀಪ ವ್ಯವಸ್ಥೆ ಇದಕ್ಕಿಂತ ಬೇರೆಯದು. ಆದರೂ ಎರಡರ ಚರಿತ್ರೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಇಲ್ಲಿ ಜೊತೆಯಾಗಿಯೇ ಬರುತ್ತವೆ. ವಿದ್ಯುತ್ ಕಂಬ ತಲುಪದ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ಜಾಗ ತುಂಬಿದ್ದು ಈ ದೀಪ. ಸಾಧಾರಣ ಸೌರ ಲಾಟೀನು ಇಂದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಆದರೆ ಬಡವರ ಮನೆಗೆ ಅದು ನಿಜಕ್ಕೂ ಎಟಕುವುದೇ ಎಂಬುದನ್ನು ಡಬ್ಬಿಯ ಮೇಲಿನ ಬೆಲೆ ನೋಡಿ ಹೇಳಲಾಗದು. ಹಣವನ್ನು ಒಟ್ಟಿಗೆ ಕೊಡಬೇಕೋ ದಿನಕ್ಕಿಷ್ಟರಂತೆ ಕಟ್ಟಬಹುದೋ, ದೀಪ ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುವೂ ಬೆಲೆಯ ಲೆಕ್ಕಕ್ಕೇ ಸೇರುತ್ತವೆ. ಈ ದೀಪದ ಚರಿತ್ರೆಯ ಗೆಲುವು ಸೋಲುಗಳೆಲ್ಲ ಬಹುಮಟ್ಟಿಗೆ ಈ ಲೆಕ್ಕವನ್ನು ಹಿಡಿದವರ, ತಪ್ಪಿದವರ ಕಥೆ.

ಸೀಮೆಎಣ್ಣೆಯ ಕಾಲ

2001ರ ಜನಗಣತಿಯ ಹೊತ್ತಿಗೆ ಭಾರತದ ಶೇ 43.3ರಷ್ಟು ಮನೆಗಳು ಬೆಳಕಿಗೆ ಸೀಮೆಎಣ್ಣೆಯನ್ನೇ ನೆಚ್ಚಿದ್ದವು. 2011ಕ್ಕೆ ಆ ಪ್ರಮಾಣ ಶೇ 31.4ಕ್ಕೆ ಇಳಿಯಿತು. ಅದೇ ವರ್ಷ ಕರ್ನಾಟಕದ ಶೇ 90.6ರಷ್ಟು ಮನೆಗಳಲ್ಲಿ ವಿದ್ಯುತ್ ದೀಪವಿದ್ದರೆ, ಬಿಹಾರದಲ್ಲಿ ಇದ್ದದ್ದು ಶೇ 16.4ರಷ್ಟು ಮನೆಗಳಲ್ಲಿ ಮಾತ್ರ. ಕರೆಂಟು ಇದೆಯೆಂದು ಬರೆಸಿದ ಮನೆಯಲ್ಲೂ ಸಂಜೆ ಓದುವ, ಉಣ್ಣುವ ಹೊತ್ತಿಗೆ ಅದು ಇರುತ್ತದೆಂಬ ಖಾತ್ರಿ ಇರಲಿಲ್ಲ. ಹಾಗಾಗಿ ಬಯಲುಸೀಮೆಯ ಕಂದೀಲು, ಚಿಮಣಿಗಳೂ ಮಲೆನಾಡಿನ ಲಾಟೀನು, ಬುಡ್ಡಿಗಳೂ ಬಹುಕಾಲ ಗೋಡೆಯ ಗೂಡು ಬಿಟ್ಟು ಕದಲಲಿಲ್ಲ.

ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಬಟ್ಟೆಯ ಬತ್ತಿ ತೂರಿಸಿದರೆ ಬುಡ್ಡಿ ದೀಪ ಸಿದ್ಧ. ಅದನ್ನು ಮಾಡಲು ಕಾಸು ಬೇಡ, ಉರಿಸಲು ದಿನವೂ ಬೇಕು. ಅದು ಕೊಡುವ ಬೆಳಕು ಸುಮಾರು 10 ಲ್ಯೂಮೆನ್. ಗಾಜಿನ ಬುರುಡೆಯ ಲಾಟೀನಾದರೆ 40ರ ಆಸುಪಾಸು. ಹಳೆಯ 60 ವಾಟ್ ಬಲ್ಬಿನ ಬೆಳಕು ಸುಮಾರು 700 ಲ್ಯೂಮೆನ್ ಎಂಬುದನ್ನು ನೆನೆದರೆ, ಒಂದು ಬುಡ್ಡಿಯ ಸುತ್ತ ತಲೆಗೆ ತಲೆ ತಾಗಿಸಿ ಕೂತು ಓದುವ ಮೂವರು ಮಕ್ಕಳ ಪಾಲಿಗೆ ಬರುವ ಬೆಳಕು ಎಷ್ಟೆಂದು ತಿಳಿಯುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಇವಾನ್ ಮಿಲ್ಸ್ 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಜಾಗತಿಕ ಲೆಕ್ಕ ಹಾಕಿದರು. ವಿದ್ಯುತ್ತಿಲ್ಲದ ಸುಮಾರು 160 ಕೋಟಿ ಜನ ಎಣ್ಣೆ ದೀಪಗಳಿಗೆ ವರ್ಷಕ್ಕೆ 3,800 ಕೋಟಿ ಡಾಲರ್ ಸುರಿಯುತ್ತಿದ್ದರು. ಇಡೀ ಜಗತ್ತು ಬೆಳಕಿಗಾಗಿ ಮಾಡುವ ಖರ್ಚಿನಲ್ಲಿ ಇದು ಶೇ 17ರಷ್ಟು. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಗುತ್ತಿದ್ದದ್ದು ಜಗತ್ತಿನ ಒಟ್ಟು ಬೆಳಕಿನ ಸಾವಿರದ ಒಂದು ಪಾಲು. ಬಡವರು ಬೆಳಕಿಗೆ ಎಲ್ಲರಿಗಿಂತ ಹೆಚ್ಚು ದರ ತೆರುತ್ತಿದ್ದಾರೆಂಬುದು ಅಂದಿನಿಂದ ನೀತಿ ರೂಪಿಸುವವರ ಮುಂದೆ ಅಂಕಿಗಳಲ್ಲೇ ನಿಂತಿತು.

ಹೊಗೆಯ ಲೆಕ್ಕ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಬತ್ತಿ ದೀಪದಲ್ಲಿ ಉರಿದ ಸೀಮೆಎಣ್ಣೆಯ ಶೇ 7ರಿಂದ 9ರಷ್ಟು ಕಪ್ಪು ಇಂಗಾಲದ ಮಸಿಯಾಗಿ ಗಾಳಿ ಸೇರುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಹಿಂದಿನ ಅಂದಾಜುಗಳಿಗಿಂತ ಇದು ಅನೇಕ ಪಟ್ಟು ಹೆಚ್ಚು. ಗೋಡೆಯ ಗೂಡಿನ ಮೇಲೆ ಕಾಣುವ ಕಪ್ಪು ಪಟ್ಟೆ ಆ ಮನೆಯವರ ಶ್ವಾಸಕೋಶದಲ್ಲೂ ಇರುತ್ತದೆ. ನೇಪಾಳದ ಪೋಖರಾದಲ್ಲಿ ಹೆಂಗಸರ ನಡುವೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸೀಮೆಎಣ್ಣೆ ದೀಪಕ್ಕೂ ಕ್ಷಯರೋಗಕ್ಕೂ ನಂಟಿರುವುದನ್ನು ಗುರುತಿಸಿತು. ದೀಪ ಉರುಳಿ ಮೈ ಸುಟ್ಟುಕೊಳ್ಳುವುದು, ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಎಣ್ಣೆಯನ್ನು ನೀರೆಂದು ಮಕ್ಕಳು ಕುಡಿದುಬಿಡುವುದು, ಇವು ಊರಿಗೊಂದಾದರೂ ನಡೆದಿರುವ ಅನಾಹುತಗಳು.

ಭಾರತದಲ್ಲಿ ಪಡಿತರದ ಸೀಮೆಎಣ್ಣೆಗೆ ದೊಡ್ಡ ಮೊತ್ತದ ಸಬ್ಸಿಡಿ ಇತ್ತು. ನ್ಯಾಯಬೆಲೆ ಅಂಗಡಿಯ ಎಣ್ಣೆ ಅಗ್ಗವಾಗಿ ಸಿಗುವಾಗ ಸೌರ ದೀಪ ದುಬಾರಿಯಾಗಿ ಕಂಡದ್ದು ಸಹಜ. ಆದರೆ ಪಡಿತರದ ಎಣ್ಣೆ ತಿಂಗಳ ಕೊನೆಯವರೆಗೆ ಬರುತ್ತಿರಲಿಲ್ಲ. ಕಳ್ಳಸಂತೆಗೆ ಹರಿದುಹೋದ ಅದೇ ಎಣ್ಣೆಯನ್ನು ಎರಡು ಮೂರು ಪಟ್ಟು ಕೊಟ್ಟು ಬಡವರೇ ಕೊಳ್ಳಬೇಕಾಗುತ್ತಿತ್ತು. 2016ರ ನಂತರ ಕೇಂದ್ರ ಸರ್ಕಾರ ದರವನ್ನು ಪೈಸೆ ಪೈಸೆಯಾಗಿ ಏರಿಸುತ್ತ ಹೋಗಿ ಕೊನೆಗೆ ಸಬ್ಸಿಡಿಯನ್ನೇ ಕೈಬಿಟ್ಟಿತು.

ದೀಪದ ಒಳಗೆ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಸೌರ ಕೋಶ ಹುಟ್ಟಿತು. ಅದು ಬಹುಕಾಲ ಉಪಗ್ರಹಗಳ ಸೊತ್ತಾಗಿತ್ತು. ಬೆಲೆ ಇಳಿದು ಅದು ನೆಲಕ್ಕೆ ಬಂದ ಮೇಲೂ ಅಡ್ಡಿಯಾಗಿ ನಿಂತದ್ದು ದೀಪದ ಇನ್ನೆರಡು ಭಾಗಗಳು: ಬಲ್ಬು ಮತ್ತು ಬ್ಯಾಟರಿ. 1990ರ ದಶಕದಲ್ಲಿ ನಮ್ಮ ಸರ್ಕಾರಿ ಯೋಜನೆಯಲ್ಲಿ ಹಂಚುತ್ತಿದ್ದ ಲಾಟೀನಿನಲ್ಲಿ 10 ವಾಟ್ ಫಲಕ, 12 ವೋಲ್ಟಿನ 7 ಆಂಪಿಯರ್-ಗಂಟೆಯ ಸೀಲು ಮಾಡಿದ ಸೀಸ-ಆಮ್ಲ ಬ್ಯಾಟರಿ, 7 ವಾಟ್ ಸಿಎಫ್‌ಎಲ್ ಬಲ್ಬು ಇರುತ್ತಿದ್ದವು. ದಿನಕ್ಕೆ ಮೂರು ನಾಲ್ಕು ತಾಸು ಉರಿಯುತ್ತಿತ್ತು. ಬೆಳಕು ಚೆನ್ನಾಗಿಯೇ ಇತ್ತು, ಆದರೆ ಎತ್ತಿ ಒಯ್ಯಲು ಭಾರ, ಕೊಳ್ಳಲು ಸಾವಿರಾರು ರೂಪಾಯಿ. ಸೀಸ-ಆಮ್ಲ ಬ್ಯಾಟರಿಗೆ ಇನ್ನೊಂದು ದೋಷ. ಪೂರ್ತಿ ಬರಿದಾದ ಸ್ಥಿತಿಯಲ್ಲಿ ಅದನ್ನು ಕೆಲವು ವಾರ ಬಿಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜು ಹಿಡಿಯುವ ಶಕ್ತಿಯೇ ಹೋಗುತ್ತದೆ. ಮಳೆಗಾಲದ ಮೋಡದಲ್ಲಿ ಆಗುತ್ತಿದ್ದದ್ದು ಇದೇ.

ಬಲ್ಬಿನ ತೊಡಕನ್ನು ಬಿಡಿಸಿದ್ದು ಎಲ್‌ಇಡಿ. ಜಪಾನಿನ ನಿಚಿಯಾ ಕಂಪನಿಯ ಶುಜಿ ನಕಾಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಯಾರಿಸಿ ತೋರಿಸಿದರು. ನೀಲಿಯ ಮೇಲೆ ಹಳದಿ ರಂಜಕದ ಲೇಪ ಕೊಟ್ಟರೆ ಬಿಳಿ ಬೆಳಕು. 1997ರಲ್ಲಿ ನೇಪಾಳದ ಬೆಟ್ಟಗಳಲ್ಲಿ ಚಾರಣಕ್ಕೆ ಹೋಗಿದ್ದ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವ್ ಅರ್ವಿನ್-ಹ್ಯಾಲಿಡೇ, ದೀಪವೇ ಇಲ್ಲದ ಶಾಲೆಯ ಕೋಣೆಯನ್ನು ಕಂಡು ಊರಿಗೆ ಮರಳಿದ ಮೇಲೆ ಈ ಬಿಳಿ ಎಲ್‌ಇಡಿಯನ್ನು ಪರೀಕ್ಷಿಸಿದರು. ಒಂದು ವಾಟ್‌ಗಿಂತಲೂ ಕಡಿಮೆ ವಿದ್ಯುತ್ತಿನಲ್ಲಿ ಮಗು ಪುಸ್ತಕ ಓದಬಲ್ಲದೆಂಬುದು ಅವರಿಗೆ ಖಚಿತವಾಯಿತು. 2000ದ ಹೊತ್ತಿಗೆ ನೇಪಾಳದ ಹಳ್ಳಿಗಳಲ್ಲಿ ಅವರ ದೀಪಗಳು ಉರಿಯತೊಡಗಿದವು. ನೀಲಿ ಎಲ್‌ಇಡಿಗಾಗಿ ನಕಾಮುರ, ಅಕಾಸಾಕಿ, ಅಮಾನೊ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಾಗ, ವಿದ್ಯುತ್ ಜಾಲದಿಂದ ಹೊರಗುಳಿದ 150 ಕೋಟಿಗೂ ಹೆಚ್ಚು ಜನರಿಗೆ ಸೌರಶಕ್ತಿಯ ಎಲ್‌ಇಡಿ ದೀಪ ದೊಡ್ಡ ಭರವಸೆ ಎಂಬುದನ್ನು ಪ್ರಶಸ್ತಿ ಸಮಿತಿಯೂ ಎತ್ತಿಹೇಳಿತು.

ಬಲ್ಬಿಗೆ ಬೇಕಾದ ವಿದ್ಯುತ್ತು ಇಳಿದಂತೆ ಫಲಕವೂ ಬ್ಯಾಟರಿಯೂ ಕುಗ್ಗಿದವು. ಲೆಕ್ಕ ಸರಳ. ಒಂದು ವಾಟ್‌ನ ಫಲಕಕ್ಕೆ ದಿನಕ್ಕೆ ಐದು ತಾಸಿನಷ್ಟು ಒಳ್ಳೆಯ ಬಿಸಿಲು ಬಿದ್ದರೆ 5 ವಾಟ್-ಗಂಟೆ ವಿದ್ಯುತ್ತು. ಧೂಳು, ಕಾವು, ಬ್ಯಾಟರಿಯಲ್ಲಿ ಆಗುವ ನಷ್ಟ ಇವೆಲ್ಲ ಕಳೆದು ಕೈಗೆ ಹತ್ತುವುದು ಮೂರು, ಮೂರೂವರೆ. ಅರ್ಧ ವಾಟ್‌ನ ಎಲ್‌ಇಡಿ ಅಷ್ಟರಲ್ಲಿ ಆರೇಳು ತಾಸು ಉರಿಯುತ್ತದೆ, ಸುಮಾರು 50 ಲ್ಯೂಮೆನ್ ಬೆಳಕು ಕೊಡುತ್ತದೆ. ಐದು ಬುಡ್ಡಿ ದೀಪಗಳ ಬೆಳಕು, ಹೊಗೆಯಿಲ್ಲದೆ. ಸೀಸದ ಬ್ಯಾಟರಿಯ ಜಾಗಕ್ಕೆ ಮೊದಲು ನಿಕಲ್ ಬ್ಯಾಟರಿ, ಆಮೇಲೆ ಲಿಥಿಯಂ ಬಂದವು. ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯದು ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಹೆಚ್ಚು ಸಲ ತುಂಬಿ ಬರಿದಾಗುವುದನ್ನು ತಾಳಿಕೊಳ್ಳುತ್ತದೆ, ಬೇಸಿಗೆಯ ಕಾವಿಗೂ ಅಷ್ಟಾಗಿ ಬೆದರುವುದಿಲ್ಲ.

ಈ ಲೆಕ್ಕವೆಲ್ಲ ಬಿಸಿಲಿರುವ ದಿನದ್ದು. ಆಗುಂಬೆ, ಹುಲಿಕಲ್ ಸುತ್ತಿನ ಊರುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಫಲಕ ಕೊಡುವ ವಿದ್ಯುತ್ತು ಬೇಸಿಗೆಯದರ ಸಣ್ಣದೊಂದು ಪಾಲಿಗೆ ಇಳಿಯುತ್ತದೆ. ರಾಯಚೂರು, ಕಲಬುರಗಿಯಲ್ಲಿ ಸಾಲುವ ಫಲಕ ಮಲೆನಾಡಿಗೆ ಸಾಲದು. ಅಲ್ಲಿಗೆ ಫಲಕವೂ ದೊಡ್ಡದಿರಬೇಕು, ಮೂರು ದಿನವಾದರೂ ಬಿಸಿಲಿಲ್ಲದೆ ತಾಳುವ ಬ್ಯಾಟರಿಯೂ ಬೇಕು, ಬೆಳಕನ್ನು ತಗ್ಗಿಸಿ ಉರಿಸುವ ಗುಂಡಿಯೂ ಇರಬೇಕು. ಇಡೀ ದೇಶಕ್ಕೆ ಒಂದೇ ಮಾದರಿಯ ದೀಪ ಹಂಚುವ ಯೋಜನೆಗಳು ಮರೆಯುವ ಸಂಗತಿ ಇದು. ಫಲಕ ದೀಪಕ್ಕೇ ಅಂಟಿಕೊಂಡಿದ್ದರೆ ಚಾರ್ಜಿಗೆಂದು ದೀಪವನ್ನೇ ಬಿಸಿಲಿಗಿಡಬೇಕು, ಆಗ ಬ್ಯಾಟರಿ ಕಾದು ಅದರ ಆಯುಷ್ಯ ಕುಗ್ಗುತ್ತದೆ. ಉದ್ದ ವೈರಿನ ಬೇರೆ ಫಲಕವಿದ್ದರೆ ಅದನ್ನು ಹಂಚಿನ ಮೇಲೆ ದಕ್ಷಿಣಕ್ಕೆ ವಾಲಿಸಿ ಇಟ್ಟು, ದೀಪವನ್ನು ಒಳಗೆ ನೆರಳಲ್ಲಿ ಇಡಬಹುದು. ಕೂಲಿಗೆ ಹೋಗುವವರ ಮನೆಯಲ್ಲಿ ಹಗಲು ಹೊರಗಿಟ್ಟ ದೀಪ ಸಂಜೆಗೆ ಕಾಣೆಯಾಗುವ ಭಯವೂ ಇರುತ್ತದೆಂಬುದನ್ನು ಸೇರಿಸಿದರೆ ಬೇರೆ ಫಲಕವೇ ಲೇಸು.

ಕಂತು, ಬಾಡಿಗೆ, ಕೈಗಡ

ಕೇಂದ್ರ ಸರ್ಕಾರ 1992ರಲ್ಲಿ ಅಸಾಂಪ್ರದಾಯಿಕ ಇಂಧನಗಳಿಗೆಂದೇ ಸಚಿವಾಲಯ ತೆರೆದು, ಆ ದಶಕದಲ್ಲಿ ಸೌರ ಲಾಟೀನುಗಳನ್ನು ಸಬ್ಸಿಡಿಯಲ್ಲಿ ಲಕ್ಷಗಟ್ಟಲೆ ಹಂಚಿತು. ಹಂಚಿದ್ದಕ್ಕೆ ಲೆಕ್ಕವಿತ್ತು, ಉರಿಯುತ್ತಿರುವುದಕ್ಕೆ ಇರಲಿಲ್ಲ. ಬ್ಯಾಟರಿ ಸತ್ತ ಮೇಲೆ ಹೊಸದು ಸಿಗುವ ಅಂಗಡಿ ತಾಲ್ಲೂಕು ಕೇಂದ್ರದಲ್ಲೂ ಇರದ ಕಡೆಗಳಲ್ಲಿ ದೀಪ ಅಟ್ಟ ಸೇರಿತು. ಸೋಲಾರ್ ಎಂದರೆ ಎರಡು ವರ್ಷದ ಬದುಕು ಎಂಬ ಅಭಿಪ್ರಾಯ ಹಳ್ಳಿಗಳಲ್ಲಿ ಬೇರೂರಿದ್ದು ಆಗಲೇ.

ಇದೇ ಹೊತ್ತಿನಲ್ಲಿ, 1995ರಲ್ಲಿ, ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆ ಶುರುವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಉಡುಪಿ ಜಿಲ್ಲೆಯ ಮೂಲದವರು, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಖರಗಪುರ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಅವರು, ಡೊಮಿನಿಕನ್ ಗಣರಾಜ್ಯದ ಬಡ ಹಳ್ಳಿಗಳಲ್ಲಿ ಜನ ಹಣ ಕೊಟ್ಟು ಸೌರ ದೀಪ ಹಾಕಿಸಿಕೊಂಡಿದ್ದನ್ನು ಕಂಡು ತಮ್ಮ ಸಂಶೋಧನೆಯ ದಾರಿಯನ್ನೇ ಬದಲಿಸಿದರು. ಬಡವರು ಕೊಳ್ಳಲಾರರು, ಕೊಂಡರೆ ಕಾಪಾಡಲಾರರು ಎಂಬ ನಂಬಿಕೆಯನ್ನು ಅಲ್ಲಗಳೆಯುವುದೇ ಸೆಲ್ಕೊದ ಗುರಿಯಾಯಿತು. ಅದು ಹೆಚ್ಚಾಗಿ ಹಾಕಿದ್ದು ಎರಡು ಅಥವಾ ನಾಲ್ಕು ದೀಪಗಳ ಮನೆ ವ್ಯವಸ್ಥೆಗಳನ್ನು. ಆದರೂ ಲಾಟೀನಿಗೂ ಅದರಿಂದ ಬಂದ ಪಾಠ ದೊಡ್ಡದು: ದೀಪ ಮಾರುವುದಕ್ಕೆ ಮೊದಲು ಸಾಲ ಕೊಡುವ ಬ್ಯಾಂಕನ್ನು ಒಪ್ಪಿಸಬೇಕು, ಮಾರಿದ ಮೇಲೆ ಹತ್ತಿರದಲ್ಲೇ ಒಬ್ಬ ತಂತ್ರಜ್ಞ ಇರಬೇಕು. ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕರಾವಳಿಯ ಬ್ಯಾಂಕುಗಳಿಗೆ ಸಣ್ಣ ಮೊತ್ತದ ಹಣ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ, ಮನೆ ಅಂಗಡಿಗಳ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತ್ತು. ದಿನಗೂಲಿಯವರ ಕೈಯಲ್ಲಿ ತಿಂಗಳ ಕೊನೆಗೆ ಹಣವಿರುವುದಿಲ್ಲ, ಸಂಜೆಗೆ ಇರುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತ ಪದ್ಧತಿ ಅದು. ಸೌರ ದೀಪದ ಸಾಲಕ್ಕೂ ಈ ತಿಳಿವಳಿಕೆಯೇ ಬೇಕಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2003ರಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಮತ್ತು ಅವುಗಳ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ ಮತ್ತು ಕೇರಳದಲ್ಲಿ ಸೌರ ಸಾಲ ಯೋಜನೆ ನಡೆಸಿತು. ದೀಪದ ಬೆಲೆಗೆ ಸಬ್ಸಿಡಿ ಕೊಡದೆ ಸಾಲದ ಬಡ್ಡಿಯ ಹೊರೆ ಇಳಿಸಿ, ಆ ನೆರವನ್ನೂ ಹಂತ ಹಂತವಾಗಿ ಹಿಂತೆಗೆದದ್ದು ಇದರ ವಿಶೇಷ. ಕೆಲವೇ ವರ್ಷಗಳಲ್ಲಿ 20,000ದ ಸಮೀಪದಷ್ಟು ಮನೆಗಳು ಸಾಲ ಪಡೆದು ದೀಪ ಹಾಕಿಸಿಕೊಂಡವು. ನೆರವು ನಿಂತ ಮೇಲೂ ಬ್ಯಾಂಕುಗಳು ಸೌರ ಸಾಲ ಕೊಡುವುದನ್ನು ನಿಲ್ಲಿಸಲಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಮೂಲಕವೂ ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಸೋಲಾರ್ ಬಂತು.

ಸಾಲವನ್ನೂ ಮಾಡಲಾಗದವರಿಗೆ ಬಾಡಿಗೆಯ ದಾರಿ. ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಭಾರ, ದಿನಕ್ಕೆ ಹತ್ತು ರೂಪಾಯಿ ಹಗುರ. ಮೊತ್ತ ಒಂದೇ, ಕೈಗೆ ಹಣ ಬರುವ ಲಯ ಬೇರೆ. ಒಬ್ಬರು ಸಾಲ ಮಾಡಿ ಫಲಕಗಳನ್ನು ಹಾಕಿಸಿ, ಹಗಲು ಬ್ಯಾಟರಿಗಳನ್ನು ಚಾರ್ಜು ಮಾಡಿ, ಸಂಜೆ ಗಾಡಿ ಗಾಡಿಗೆ ತಲುಪಿಸಿ ರಾತ್ರಿ ಬಾಡಿಗೆ ಸಮೇತ ಮರಳಿ ತರುವ ಏರ್ಪಾಡು ಹೀಗೆ ಹುಟ್ಟಿತು. ದೆಹಲಿಯ ಟೆರಿ ಸಂಸ್ಥೆ 2008ರಲ್ಲಿ ಶುರುಮಾಡಿದ ‘ಲೈಟಿಂಗ್ ಎ ಬಿಲಿಯನ್ ಲೈವ್ಸ್’ ಅಭಿಯಾನದ ತಿರುಳೂ ಇದೇ. ಹಳ್ಳಿಯಲ್ಲಿ ಐದು ಫಲಕಗಳ ಒಂದು ಚಾರ್ಜಿಂಗ್ ಕೇಂದ್ರ, ಅದರಲ್ಲಿ 50 ಲಾಟೀನು, ನೋಡಿಕೊಳ್ಳಲು ಊರಿನದೇ ಒಬ್ಬ ಹೆಂಗಸು ಅಥವಾ ಗಂಡಸು. ಮನೆಯವರು ಸಂಜೆ ಕೆಲವು ರೂಪಾಯಿ ಕೊಟ್ಟು ದೀಪ ಒಯ್ದು ಬೆಳಿಗ್ಗೆ ತಂದಿಡುತ್ತಾರೆ. ಬ್ಯಾಟರಿ ಕೆಟ್ಟರೆ ಆ ಚಿಂತೆ ಬಾಡಿಗೆ ಕೊಡುವವರದು, ದೀಪ ಒಯ್ಯುವವರದ್ದಲ್ಲ. ಸಾಲದ ವ್ಯವಸ್ಥೆಯಲ್ಲಿ ಈ ಹೊರೆ ಅತಿ ಬಡವರ ಹೆಗಲ ಮೇಲೇ ಬೀಳುತ್ತದೆಂಬುದನ್ನು ಗಮನಿಸಿದರೆ ಬಾಡಿಗೆ ಪದ್ಧತಿಗೆ ಸಿಕ್ಕ ಮನ್ನಣೆ ಕಡಿಮೆಯೇ.

ಸೆಲ್ಕೊದ ಮತ್ತೊಂದು ಏರ್ಪಾಡಿನಲ್ಲಿ ಫಲಕ ಶಾಲೆಯ ಮಾಡಿನ ಮೇಲಿರುತ್ತದೆ. ಮಗು ಬೆಳಿಗ್ಗೆ ಬುತ್ತಿಯ ಜೊತೆ ಪುಟ್ಟ ಬ್ಯಾಟರಿಯನ್ನೂ ತಂದು ಚಾರ್ಜಿಗೆ ಹಾಕಿ, ಸಂಜೆ ಮನೆಗೊಯ್ದು ದೀಪಕ್ಕೆ ಸಿಕ್ಕಿಸುತ್ತದೆ. ಶಾಲೆ ತಪ್ಪಿಸಿದರೆ ಆ ರಾತ್ರಿ ಮನೆಯಲ್ಲಿ ಬೆಳಕಿಲ್ಲ. ಹೂ ಬಿಡಿಸುವವರಿಗೆ, ನಸುಕಿನಲ್ಲಿ ರಬ್ಬರ್ ಹಾಲು ಇಳಿಸುವವರಿಗೆ, ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ಎರಡೂ ಕೈ ಬಿಡುವಾಗಿರುವಂತೆ ಹಣೆಗೆ ಕಟ್ಟುವ ಸೌರ ದೀಪಗಳೂ ಬಂದವು. ಕೆಲಸ ಯಾವುದೆಂದು ಕೇಳಿ ತಿಳಿದು ದೀಪ ರೂಪಿಸಿದ್ದಕ್ಕೆ ಇವು ಒಳ್ಳೆಯ ಉದಾಹರಣೆ.

ಜೋಡಿಸುವ ಕೈಗಳು

ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಕಟ್ಟಿದ ಬೇರ್‌ಫುಟ್ ಕಾಲೇಜು ಅಕ್ಷರ ಬಾರದ ಹಳ್ಳಿಯ ಅಜ್ಜಿಯರಿಗೆ ಆರು ತಿಂಗಳು ಸೌರ ತಂತ್ರಜ್ಞಾನದ ತರಬೇತಿ ಕೊಟ್ಟಿತು. ವೈರಿನ ಬಣ್ಣ, ಬಿಡಿಭಾಗದ ಆಕಾರ ಗುರುತಿಟ್ಟುಕೊಂಡು ಅವರು ಸರ್ಕ್ಯೂಟ್ ಬೆಸೆಯುವುದನ್ನು ಕಲಿತರು. ಆಫ್ರಿಕದ ಹಲವು ದೇಶಗಳಿಂದಲೂ ಅಜ್ಜಿಯರು ಬಂದು ಕಲಿತು ಹೋದರು. ಗಂಡಸರು ಕಲಿತರೆ ಪ್ರಮಾಣಪತ್ರ ಹಿಡಿದು ನಗರಕ್ಕೆ ಹೊರಟುಬಿಡುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ ಎಂಬುದು ಈ ಆಯ್ಕೆಗೆ ರಾಯ್ ಕೊಟ್ಟ ಕಾರಣ.

ಬಾಂಬೆ ಐಐಟಿಯ ಪ್ರಾಧ್ಯಾಪಕ ಚೇತನ್ ಸಿಂಗ್ ಸೋಲಂಕಿ ಅವರ ತಂಡ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. 2013ರ ಸುಮಾರಿಗೆ ಆರಂಭವಾದ ಅವರ ಯೋಜನೆ ಮಧ್ಯಪ್ರದೇಶ, ಮಹಾರಾಷ್ಟ್ರ, ರಾಜಸ್ಥಾನ, ಒಡಿಶಾಗಳ ಶಾಲಾ ಮಕ್ಕಳಿಗೆ ತಲಾ 120 ರೂಪಾಯಿಗೆ ಹತ್ತು ಲಕ್ಷ ಓದುವ ದೀಪಗಳನ್ನು ತಲುಪಿಸಿತು. ನಿಜವಾದ ವೆಚ್ಚ ಇದರ ಹಲವು ಪಟ್ಟು, ಉಳಿದದ್ದು ನೆರವಿನಿಂದ ಬಂತು. ದೀಪಗಳನ್ನು ಜೋಡಿಸಿದ್ದು, ಮಾರಿದ್ದು, ಆಮೇಲೆ ರಿಪೇರಿ ಮಾಡಿದ್ದು ಆಯಾ ಊರಿನವರೇ. 2016ರ ಕೊನೆಯಲ್ಲಿ ಕೇಂದ್ರ ಸರ್ಕಾರ ಇದನ್ನು 70 ಲಕ್ಷ ದೀಪಗಳ ಯೋಜನೆಯಾಗಿ ಬೆಳೆಸಿ ಅಸ್ಸಾಂ, ಬಿಹಾರ, ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶಗಳನ್ನು ಆರಿಸಿಕೊಂಡಿತು. ಮಕ್ಕಳು ಕೊಡಬೇಕಾದದ್ದು 100 ರೂಪಾಯಿ. ಸರ್ಕಾರಿ ಹಂಚಿಕೆಯ ಮೊದಲ ಸುತ್ತಿನಲ್ಲಿ ಇಲ್ಲದಿದ್ದ ಒಂದು ಅಂಶ ಇದರಲ್ಲಿ ಮೊದಲ ದಿನದಿಂದ ಇತ್ತು: ದೀಪ ಬಿಚ್ಚಬಲ್ಲ, ಕೆಟ್ಟ ಭಾಗ ತೆಗೆದು ಹೊಸದು ಹಾಕಬಲ್ಲ ಕೈ ಹತ್ತಿರದಲ್ಲೇ ಇತ್ತು.

ಆಫ್ರಿಕದ ಮಾರುಕಟ್ಟೆ

ಅಮೆರಿಕದ ಸ್ಯಾಮ್ ಗೋಲ್ಡ್‌ಮನ್ ಸ್ವಯಂಸೇವಕರಾಗಿ ಪಶ್ಚಿಮ ಆಫ್ರಿಕದ ಬೆನಿನ್‌ನಲ್ಲಿದ್ದಾಗ ನೆರೆಮನೆಯ ಹುಡುಗನೊಬ್ಬ ಸೀಮೆಎಣ್ಣೆ ದೀಪದಿಂದ ತೀವ್ರವಾಗಿ ಸುಟ್ಟುಕೊಂಡ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಅವರು ಗೆಳೆಯ ನೆಡ್ ಟೋಜನ್ ಜೊತೆ ಸೇರಿ ಡಿ.ಲೈಟ್ ಕಂಪನಿ ಕಟ್ಟಿದರು. ಅದು 10 ಡಾಲರಿನ ‘ಕಿರಣ್’ ದೀಪವನ್ನು ಭಾರತಕ್ಕೂ ಆಫ್ರಿಕಕ್ಕೂ ತಂದಿತು. ಮುಂದೆ ಐದು ಡಾಲರಿನ ದೀಪಗಳೂ ಬಂದವು. ಬ್ರಿಟನ್ನಿನ ಸೋಲಾರ್‌ಏಡ್ ಎಂಬ ದತ್ತಿ ಸಂಸ್ಥೆ ಪೂರ್ವ ಆಫ್ರಿಕದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ದೀಪ ಮಾರಿತು. ಊರಿನ ಜನ ಅಪರಿಚಿತ ವ್ಯಾಪಾರಿಯ ಮಾತಿಗಿಂತ ಮೇಷ್ಟ್ರ ಮಾತನ್ನು ನಂಬುತ್ತಾರೆಂಬ ಎಣಿಕೆ ಫಲಿಸಿತು.

ಕೀನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾ ಮೊಬೈಲ್ ಹಣ ಸೇವೆಯಿಂದ ಕಂತು ಕಟ್ಟುವ ಹೊಸ ರೀತಿ ಸಾಧ್ಯವಾಯಿತು. ಎಂ-ಕೋಪಾ ಮುಂತಾದ ಕಂಪನಿಗಳ ಸೌರ ವ್ಯವಸ್ಥೆಯಲ್ಲಿ ಫೋನಿನ ಚಿಪ್ ಇರುತ್ತದೆ. ದಿನದ ಕೆಲವು ಶಿಲ್ಲಿಂಗ್ ಮೊಬೈಲಿನಿಂದ ಸಂದಾಯವಾದರೆ ದೀಪ ಉರಿಯುತ್ತದೆ, ಬಾಕಿ ಉಳಿದರೆ ತಂತಾನೇ ಸ್ಥಗಿತಗೊಳ್ಳುತ್ತದೆ. ಪಿಗ್ಮಿ ಸಂಗ್ರಾಹಕ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ. ಆದರೆ ಮನೆಯಲ್ಲಿ ಕಾಯಿಲೆ ಬಿದ್ದವರಿದ್ದಾರೆ, ನಾಳೆ ಬನ್ನಿ ಎಂದು ಪಿಗ್ಮಿಯವರಿಗೆ ಹೇಳಬಹುದಿತ್ತು. ಚಿಪ್ಪಿಗೆ ಹಾಗೆ ಹೇಳಲು ಬರುವುದಿಲ್ಲ.

ಮಾರುಕಟ್ಟೆ ಬೆಳೆದಂತೆ ಕಳಪೆ ಮಾಲೂ ನುಗ್ಗಿತು. ಒಮ್ಮೆ ಮೋಸಹೋದ ಮನೆ ಮತ್ತೆ ಸೌರ ದೀಪದ ತಂಟೆಗೆ ಹೋಗದು, ಅಕ್ಕಪಕ್ಕದವರನ್ನೂ ತಡೆಯುತ್ತದೆ. ವಿಶ್ವಬ್ಯಾಂಕ್ ಗುಂಪು 2007ರಲ್ಲಿ ಆರಂಭಿಸಿದ ‘ಲೈಟಿಂಗ್ ಆಫ್ರಿಕ’ ಕಾರ್ಯಕ್ರಮ ಇದಕ್ಕೆ ಗುಣಮಟ್ಟದ ಪರೀಕ್ಷೆಯನ್ನು ರೂಪಿಸಿತು. ಡಬ್ಬಿಯ ಮೇಲೆ ಬರೆದಷ್ಟು ಬೆಳಕು ನಿಜವಾಗಿ ಬರಬೇಕು, 2,000 ತಾಸು ಉರಿದ ಮೇಲೂ ಮೊದಲಿನ ಬೆಳಕಿನ ಶೇ 85 ಉಳಿದಿರಬೇಕು, ಕನಿಷ್ಠ ಒಂದು ವರ್ಷದ ಖಾತರಿ ಇರಬೇಕು ಎಂಬಂಥ ನಿಯಮಗಳು ಅದರಲ್ಲಿವೆ. ಈ ಕೆಲಸ ಈಗ ವೆರಾಸೋಲ್ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಏನು ಬದಲಾಯಿತು

ಸೌರ ಲಾಟೀನು ಬಂದರೆ ಮಕ್ಕಳ ಅಂಕ ಏರುತ್ತದೆ, ಮನೆಯ ಆದಾಯ ಬೆಳೆಯುತ್ತದೆ ಎಂದು ಪ್ರಚಾರ ಸಾಹಿತ್ಯ ಹೇಳಿಕೊಂಡು ಬಂದಿದೆ. ಎಚ್ಚರದಿಂದ ನಡೆಸಿದ ಅಧ್ಯಯನಗಳ ಉತ್ತರ ಅಷ್ಟು ಸರಳವಾಗಿಲ್ಲ. ಬಾಂಗ್ಲಾದೇಶದ ಉತ್ತರದ ನದಿ ದಿಬ್ಬಗಳಲ್ಲಿ ಲಾಟೀನು ಪಡೆದ ಮಕ್ಕಳು ರಾತ್ರಿ ಹೆಚ್ಚು ಹೊತ್ತು ಓದಿದರು, ಮನೆಯ ಸೀಮೆಎಣ್ಣೆ ಖರ್ಚು ಇಳಿಯಿತು. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಉಗಾಂಡದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಓದುವ ಹೊತ್ತು ಹೆಚ್ಚಿದರೂ ಅಂಕಗಳು ತುಸು ಇಳಿದವು. ಸರಿಯಾಗಿ ಚಾರ್ಜಾಗದ ದೀಪ ಮಿಣುಕುತ್ತಿದ್ದದ್ದು ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಸಣ್ಣ ಸೌರ ಜಾಲಗಳ ಬಗ್ಗೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಕಾಳಸಂತೆಯ ಎಣ್ಣೆಯ ಖರ್ಚು ತಗ್ಗಿತು, ಆದರೆ ಉಳಿತಾಯವಾಗಲಿ ಹೊಸ ಕಸುಬಾಗಲಿ ಹುಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ.

ಇದರಿಂದ ಲಾಟೀನು ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಸರಿಯಲ್ಲ. ಮನೆಯೊಳಗಿನ ಹೊಗೆ ಹೋಗುವುದು, ರಾತ್ರಿ ಕಾಲಿಡುವ ಜಾಗದಲ್ಲಿ ಹಾವಿದೆಯೇ ಎಂದು ಕಾಣುವುದು, ಅಡುಗೆಯಲ್ಲಿ ಹುಳ ಬಿದ್ದರೆ ಗೊತ್ತಾಗುವುದು, ಹೆಂಗಸರು ಹೆದರದೆ ಹಿತ್ತಲಿಗೆ ಹೋಗಿಬರುವುದು, ಇವೇ ಸಾಕಷ್ಟು ದೊಡ್ಡ ಲಾಭ. ಶ್ರೀಮಂತರ ಮನೆಯ ದೀಪಕ್ಕೆ ಮಕ್ಕಳ ಅಂಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಕಂತಿನ ವಿಷಯದಲ್ಲೂ ಒಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ರ್ವಾಂಡಾದ ಹಳ್ಳಿಗಳಲ್ಲಿ ಸೌರ ಸಾಧನಗಳಿಗೆ ಜನ ಎಷ್ಟು ಕೊಡಬಲ್ಲರೆಂದು ಪರೀಕ್ಷಿಸಿದಾಗ, ತಮ್ಮ ಆದಾಯಕ್ಕೆ ಹೋಲಿಸಿದರೆ ದೊಡ್ಡ ಪಾಲನ್ನೇ ಕೊಡಲು ಅವರು ಸಿದ್ಧರಿದ್ದರೂ ಅದು ಮಾರುಕಟ್ಟೆಯ ಬೆಲೆ ಮುಟ್ಟಲಿಲ್ಲ. ಕಂತಿನ ಅವಧಿ ಹೆಚ್ಚಿಸಿದರೂ ಫಲಿತಾಂಶ ಬದಲಾಗಲಿಲ್ಲ. ಕರ್ನಾಟಕದ ಅನುಭವವನ್ನೂ ಸೇರಿಸಿ ನೋಡಿದರೆ, ಆದಾಯದ ಲಯಕ್ಕೆ ಹೊಂದುವ ಕಂತು ಬಡವರಲ್ಲಿ ಬಹುಮಂದಿಯನ್ನು ಎತ್ತಬಲ್ಲದು, ಕಡುಬಡವರನ್ನು ಎತ್ತಲು ಸರ್ಕಾರದ ಹಣವೇ ಬೇಕು. ಮಾರುಕಟ್ಟೆಯೇ ಎಲ್ಲವನ್ನೂ ಮಾಡುತ್ತದೆ ಎನ್ನುವವರೂ ಉಚಿತ ಹಂಚಿಕೆಯೇ ದಾರಿ ಎನ್ನುವವರೂ ಈ ಗೆರೆಯನ್ನು ಗುರುತಿಸಿಲ್ಲ.

ಉಳಿದ ಮನೆಗಳು

ಜಗತ್ತಿನಲ್ಲಿ 2023ರಲ್ಲಿ ವಿದ್ಯುತ್ತಿಲ್ಲದೆ ಬದುಕುತ್ತಿದ್ದವರು ಸುಮಾರು 66.6 ಕೋಟಿ ಜನ. ಅವರಲ್ಲಿ ಶೇ 85ರಷ್ಟು ಮಂದಿ ಇರುವುದು ಸಹಾರಾದ ದಕ್ಷಿಣದ ಆಫ್ರಿಕದಲ್ಲಿ. ಅಲ್ಲಿ ಸೌರ ಲಾಟೀನು ಈಗಲೂ ಮನೆಯ ಮೊದಲ ವಿದ್ಯುತ್ ದೀಪ. ನಿರಾಶ್ರಿತರ ಶಿಬಿರಗಳಲ್ಲಿ, ನೆರೆ, ಚಂಡಮಾರುತಗಳ ನಂತರ ಕಂಬಗಳು ಉರುಳಿದ ಊರುಗಳಲ್ಲಿಯೂ ಇದಕ್ಕೆ ಬದಲಿಲ್ಲ.

ಭಾರತದಲ್ಲಿ 2017ರ ಸೆಪ್ಟೆಂಬರಿನಲ್ಲಿ ಆರಂಭವಾದ ಸೌಭಾಗ್ಯ ಯೋಜನೆ ಬಹುತೇಕ ಮನೆಗಳಿಗೆ ತಂತಿ ಎಳೆಯಿತು, ಲಾಟೀನು ಕರೆಂಟು ಹೋದಾಗಿನ ಆಸರೆಯಾಗಿ ಹಿಂದೆ ಸರಿಯಿತು. ತಂತಿ ಎಳೆಯಲಾಗದ ದೂರದ ಮನೆಗಳಿಗೆ ಅದೇ ಯೋಜನೆ 200ರಿಂದ 300 ವಾಟ್‌ನ ಸೌರ ಘಟಕ ಕೊಟ್ಟಿತು: ಐದು ಎಲ್‌ಇಡಿ ದೀಪ, ಒಂದು ಫ್ಯಾನು, ಒಂದು ಪ್ಲಗ್ಗು, ಐದು ವರ್ಷದ ನಿರ್ವಹಣೆ. ಕರ್ನಾಟಕದಲ್ಲಿ ಇಂಥ ಮನೆಗಳು ಹೆಚ್ಚಾಗಿ ಕಾಡಿನಲ್ಲಿವೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳು, ಪಶ್ಚಿಮ ಘಟ್ಟದ ಸಂರಕ್ಷಿತ ಅರಣ್ಯದೊಳಗಿನ ಒಂಟಿ ಮನೆಗಳು. ಅರಣ್ಯ ಕಾಯ್ದೆಯ ಕಾರಣ ಅಲ್ಲಿಗೆ ಕಂಬ ಹೋಗುವುದು ಕಷ್ಟ. ಆನೆ ಅಡ್ಡಾಡುವ ದಾರಿಯಲ್ಲಿ ರಾತ್ರಿ ಅಂಗಳಕ್ಕಿಳಿಯುವವರಿಗೆ ಕೈಯಲ್ಲೊಂದು ದೀಪ ಬೇಕೇ ಬೇಕು.

ಹಾಳಾದ ದೀಪಗಳ ಗತಿಯೂ ಇಲ್ಲಿಯ ಪ್ರಶ್ನೆಯೇ. ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮ 2022ರಲ್ಲಿ ಬಂದು, ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಅದೇ ವರ್ಷದ ಇ-ತ್ಯಾಜ್ಯ ನಿಯಮದಲ್ಲಿ ಸೌರ ಫಲಕಗಳೂ ಸೇರಿದವು. ಪೋಡಿನ ಮನೆಯಿಂದ ತಯಾರಕರ ಗೋದಾಮಿನವರೆಗಿನ ದಾರಿಯಲ್ಲಿ ಇವುಗಳನ್ನು ಹೊತ್ತು ತರುವವರು ಯಾರು, ಅವರಿಗೆ ಸಿಗುವ ಕೂಲಿ ಎಷ್ಟು ಎಂಬುದನ್ನು ಸ್ಥಳೀಯವಾಗಿಯೇ ಗೊತ್ತುಮಾಡಬೇಕಾಗಿದೆ. ಸೌಭಾಗ್ಯದಡಿ 2018, 2019ರಲ್ಲಿ ಕೂರಿಸಿದ ಘಟಕಗಳ ಐದು ವರ್ಷದ ನಿರ್ವಹಣೆಯ ಅವಧಿ ಈಗಾಗಲೇ ಮುಗಿದಿದೆ. ಫಲಕಗಳಿಗೆ ಇನ್ನೂ ಹದಿನೈದು ವರ್ಷದ ಬಾಳಿಕೆಯಿದೆ, ಬ್ಯಾಟರಿಗಳಿಗೆ ಇಲ್ಲ. ಹೊಸ ಬ್ಯಾಟರಿಯ ಹಣವನ್ನು ವಿದ್ಯುತ್ ಕಂಪನಿ ಕೊಡಬೇಕೋ, ಗ್ರಾಮ ಪಂಚಾಯಿತಿ ಕೊಡಬೇಕೋ, ಮನೆಯವರು ತಿಂಗಳಿಗಿಷ್ಟು ಕೂಡಿಡಬೇಕೋ ಎಂಬುದನ್ನು ಪಂಚಾಯಿತಿವಾರು ತೀರ್ಮಾನಿಸಿ, ಪ್ರತಿ ಪೋಡಿನ ಒಬ್ಬರಿಗಾದರೂ ಬ್ಯಾಟರಿ ಬದಲಿಸುವ ತರಬೇತಿ ಕೊಡುವ ಕೆಲಸ ತುರ್ತಾಗಿ ಆಗಬೇಕಿದೆ.